ಶೇಂಗಾ ಎಣ್ಣೆ ಮತ್ತು ರುಡಾಲ್ಫ್ ಡೀಸೆಲ್

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ಬಸ್ಸುಗಳ ಎಂಜಿನ್ನಿಗೆ ತನ್ನ ಹೆಸರು ಕೊಟ್ಟವನ ಜೀವನ ನನ್ನನ್ನು ಬಹುಕಾಲದಿಂದ ಸೆಳೆದಿದೆ. ರುಡಾಲ್ಫ್ ಡೀಸೆಲ್ 1858ರಲ್ಲಿ ಪ್ಯಾರಿಸ್ಸಿನಲ್ಲಿ ಜರ್ಮನ್ ದಂಪತಿಗಳಿಗೆ ಜನಿಸಿದ. 1870ರ ಯುದ್ಧ ಆ ಕುಟುಂಬವನ್ನು ಅಲ್ಲಿಂದ ಹೊರದೂಡಿತು. ಉಗಿಯಂತ್ರವು ಉರುವಲಿನ ಬಹುಭಾಗವನ್ನು ವ್ಯರ್ಥಗೊಳಿಸುವುದೆಂಬುದನ್ನು ಮ್ಯೂನಿಕ್ಕಿನಲ್ಲಿ ಓದುವಾಗ ಅರಿತ ಆತ, 1897ರಲ್ಲಿ ಆಗ್ಸ್‌ಬರ್ಗಿನಲ್ಲಿ ತನ್ನ ಎಂಜಿನ್ನನ್ನು ಯಶಸ್ವಿಯಾಗಿ ನಡೆಸಿ ತೋರಿಸಿದ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅಂಥದೊಂದು ಎಂಜಿನ್ ಶೇಂಗಾ ಎಣ್ಣೆಯಿಂದಲೇ ಓಡಿತು. ಸಸ್ಯತೈಲಗಳಿಗೂ ಮುಂದೊಂದು ದಿನ ಖನಿಜತೈಲದ ಮಹತ್ವ ಬರಬಹುದೆಂದು ಆತ 1912ರಲ್ಲಿ ನಂಬಿದ್ದ. ಮರುವರ್ಷ ಸೆಪ್ಟೆಂಬರ್ 29ರ ರಾತ್ರಿ, ಸಾಲದ ಹೊರೆ ಹೊತ್ತಿದ್ದ ಆತ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ಕಣ್ಮರೆಯಾದ. ಕೆಲದಿನಗಳ ಮೇಲೆ ಶವ ಸಮುದ್ರದಲ್ಲಿ ಕಾಣಿಸಿತು.

ಆತನ ನಂಬಿಕೆಯನ್ನು ನಮ್ಮ ನೆಲದ ಮೇಲಿಟ್ಟು ನಾನು ಲೆಕ್ಕ ಹಾಕಿದ್ದೇನೆ. ಒಂದು ಹೆಕ್ಟೇರಿನಲ್ಲಿ ಒಂದು ಟನ್ ಶೇಂಗಾಕಾಯಿ ಬೆಳೆದರೆ ಸುಮಾರು 300 ಲೀಟರ್ ಎಣ್ಣೆ. ಲೀಟರಿಗೆ 5 ಕಿಲೋಮೀಟರ್ ಓಡುವ ಬಸ್ಸು, ಸುಮಾರು 26 ಕಿಲೋಮೀಟರ್ ದೂರದ ಖಾನಾಪುರಕ್ಕೆ 30 ಸಲ ಹೋಗಿಬರುವ ಮೊದಲೇ ಅದು ತೀರುತ್ತದೆ. ಜಗತ್ತಿನ ವಾಹನಗಳಿಗೆಲ್ಲ ಹೀಗೆ ಎಣ್ಣೆ ಬೆಳೆಯಹೊರಟರೆ ಊಟದ ಹೊಲವೂ ಉಳಿಯದು, ಕಾಡೂ ಉಳಿಯದು. ಖಾನಾಪುರದ ಕಾಡು ಅಳಿದರೆ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯ ಗತಿಯೇನು?

ಹಾಗೆಂದು ಆ ಕನಸು ಬರಿದಲ್ಲ. ಬೆಳಗಾವಿ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಸಿಪ್ಪೆಯಿಂದ ವಿದ್ಯುತ್ತು ಹುಟ್ಟುತ್ತಿದೆ. ಬದುವಿನ ಹೊಂಗೆಯೂ ಎಣ್ಣೆ ಕೊಡುತ್ತದೆ. ಅನ್ನವನ್ನೂ ಅಡವಿಯನ್ನೂ ಮುಟ್ಟದೆ ಎಷ್ಟು ದೊರೆತೀತೋ ಅಷ್ಟೇ ಡೀಸೆಲ್ಲನ ಕನಸಿನಲ್ಲಿ ನಮಗೆ ದಕ್ಕುವ ಪಾಲು.