ಸುಳ್ಳು ಹೇಳಲೊಲ್ಲದ ವಕೀಲ ಬೀಗ ಮಾಡಿದ ಕಥೆ

ಕನ್ನಡದಲ್ಲಿ ಬೀಗ, ತಮಿಳಿನಲ್ಲಿ ಪೂಟ್ಟು. ಹೆಸರು ಯಾವುದಾದರೇನು, ಜೂಜುವಾಡಿಯಲ್ಲಿ ಗಂಡ-ಹೆಂಡತಿ ಇಬ್ಬರೂ ಹೊಸೂರಿನ ಕಾರ್ಖಾನೆಗಳಿಗೆ ಹೋಗುವ ಮನೆಗಳಿಗೆ ದಿನವಿಡೀ ಅದೇ ಕಾವಲು. ನಮ್ಮ ದೇಶದಲ್ಲಿ ನಂಬಿಕೆಯ ಬೀಗಕ್ಕೆ ಹೆಸರಾದವರು ಅರ್ದೇಶಿರ್ ಗೋದ್ರೇಜ್.

1868ರಲ್ಲಿ ಮುಂಬಯಿಯ ಪಾರ್ಸಿ ಕುಟುಂಬದಲ್ಲಿ ಜನಿಸಿದ ಅವರು ಓದಿದ್ದು ಕಾನೂನು. 1894ರಲ್ಲಿ ಒಂದು ಮೊಕದ್ದಮೆಗಾಗಿ ಆಫ್ರಿಕಾದ ಜಂಜಿಬಾರ್‌ಗೆ ಹೋದರು. ಕಕ್ಷಿದಾರನಿಗಾಗಿ ಸತ್ಯವನ್ನು ತಿರುಚಲು ಮನಸ್ಸು ಒಪ್ಪದೆ ವಕೀಲಿಯನ್ನೇ ಬಿಟ್ಟು ಮರಳಿದರು. ಮೇರ್ವಾನ್‌ಜಿ ಕಾಮಾ ಅವರಿಂದ 3,000 ರೂಪಾಯಿ ಸಾಲ ಪಡೆದು ಶಸ್ತ್ರಚಿಕಿತ್ಸೆಯ ಉಪಕರಣ ತಯಾರಿಸತೊಡಗಿದರು. ಕೊಳ್ಳಬೇಕಾದ ಕಂಪನಿಯು ಭಾರತದಲ್ಲಿ ತಯಾರಾದದ್ದೆಂಬ ಗುರುತು ಬೇಡವೆಂದಿತು. ಅರ್ದೇಶಿರ್ ಒಪ್ಪಲಿಲ್ಲ. ಆ ಉದ್ಯಮವೂ ನಿಂತಿತು.

ಆಗಲೇ ಮುಂಬಯಿಯಲ್ಲಿ ಕನ್ನಗಳವು ಹೆಚ್ಚಿದ ಸುದ್ದಿ ಪತ್ರಿಕೆಯಲ್ಲಿ ಬಂತು. ಮತ್ತೆ ಕಾಮಾ ಅವರ ನೆರವಿನಿಂದ 1897ರಲ್ಲಿ ಮುಂಬಯಿಯ ಲಾಲ್‌ಬಾಗ್ ಪ್ರದೇಶದ ಪುಟ್ಟ ಶೆಡ್‌ನಲ್ಲಿ ಬೀಗ ತಯಾರಿಕೆ ಆರಂಭಿಸಿದರು.

ಲಿವರ್ ಬೀಗದೊಳಗೆ ಸಾಲಾಗಿ ಲೋಹದ ಪಟ್ಟಿಗಳಿರುತ್ತವೆ. ಸರಿಯಾದ ಕೀಲಿ ಪ್ರತಿಯೊಂದನ್ನೂ ಅದಕ್ಕೆ ಬೇಕಾದಷ್ಟೇ ಎತ್ತರಕ್ಕೆ ಎತ್ತಿದಾಗ ಮಾತ್ರ ಬೋಲ್ಟ್ ಸರಿಯುತ್ತದೆ. ಕಳ್ಳ ತಂತಿ ತೂರಿಸಿ ಆ ಎತ್ತರವನ್ನೇ ಒಂದೊಂದಾಗಿ ತಡಕುತ್ತಾನೆ. ಒಳಭಾಗಗಳು ಸಡಿಲವಿದ್ದಷ್ಟೂ ಅವನಿಗೆ ಸಲೀಸು. ಇನ್ನು ಪಟ್ಟಿಗಳನ್ನು ಒತ್ತಿಹಿಡಿಯುವ ಸ್ಪ್ರಿಂಗ್ ತುಕ್ಕು ಹಿಡಿದು ಮುರಿದರೆ ಮನೆಯವರ ಕೀಲಿಗೂ ಬೀಗ ಬಗ್ಗದು. ಅರ್ದೇಶಿರ್ ಸ್ಪ್ರಿಂಗನ್ನೇ ಕೈಬಿಟ್ಟ ಬೀಗ ರೂಪಿಸಿ 1909ರಲ್ಲಿ ಪೇಟೆಂಟ್ ಪಡೆದರು.

ಕೀಲಿಯ ನಕಲಿಗೂ ಅವರು ಉಪಾಯ ಹುಡುಕಿದರು. ಅವರ ಗೋರ್ಡಿಯನ್ ಬೀಗಕ್ಕೆ ಎರಡು ಬೇರೆ ಬೇರೆ ಕೀಲಿ. ಒಂದರ ನಕಲು ಆಗಿದೆಯೆಂಬ ಅನುಮಾನ ಬಂದರೆ ಇನ್ನೊಂದರಿಂದ ಒಳಗಿನ ಜೋಡಣೆಯನ್ನೇ ಬದಲಿಸಬಹುದಿತ್ತು. ಕದ್ದ ಕೀಲಿ ನಿಷ್ಪ್ರಯೋಜಕ. ಯಾರಾದರೂ ಕಳ್ಳಕೀಲಿ ಹಾಕಿದ್ದರೆ ಯಜಮಾನನಿಗೆ ಸುಳಿವು ಕೊಡುವ ಬೀಗವನ್ನೂ ತಯಾರಿಸಿದರು. ಇಂಗ್ಲೆಂಡಿನಲ್ಲಿ ಜೆರೆಮಿಯಾ ಚಬ್ 1818ರಲ್ಲೇ ಇಂತಹ ಬೀಗ ಮಾಡಿದ್ದರು.

ಅರ್ದೇಶಿರ್ ತಿಲಕ್ ಸ್ವರಾಜ್ ನಿಧಿಗೆ 3 ಲಕ್ಷ ರೂಪಾಯಿ ಕೊಟ್ಟ ದೇಶಭಕ್ತರು. ಆದರೆ ಸ್ವದೇಶಿ ಎಂಬ ಒಂದೇ ಕಾರಣಕ್ಕೆ ಜನ ಕಳಪೆ ಸಾಮಾನು ಸಹಿಸಬೇಕೆಂಬುದನ್ನು ಒಪ್ಪಲಿಲ್ಲ. ಬೀಗ ಕಳ್ಳನೆದುರು ನಿಲ್ಲಬೇಕು. ಅಲ್ಲಿ ದೇಶಾಭಿಮಾನದ ರಿಯಾಯಿತಿ ನಡೆಯದು.

1936ರಲ್ಲಿ ಅವರು ನಿಧನರಾದರು. ಸ್ವತಂತ್ರ ಭಾರತದ 1951-52ರ ಮೊದಲ ಮಹಾಚುನಾವಣೆಗೆ ಲಕ್ಷಾಂತರ ಉಕ್ಕಿನ ಮತಪೆಟ್ಟಿಗೆಗಳು ಗೋದ್ರೇಜ್ ಕಾರ್ಖಾನೆಯಿಂದಲೇ ಬಂದವು. ಸುಳ್ಳು ವಾದಿಸಲಾರದೆ ವಕೀಲಿ ಬಿಟ್ಟವರು ಕಟ್ಟಿದ ಸಂಸ್ಥೆಯ ಕೈಗೆ ದೇಶ ತನ್ನ ಮತವನ್ನು ಒಪ್ಪಿಸಿತ್ತು.