ಕೆಂಪುಕೋಟೆಯ ಎದುರಿನ ಮೌಲಾನಾ

ಪ್ರತಿವರ್ಷ ಆಗಸ್ಟ್ 15ರಂದು ದೆಹಲಿಯ ಕೆಂಪುಕೋಟೆಯ ಧ್ವಜಾರೋಹಣವನ್ನು ಟಿ.ವಿ.ಯಲ್ಲಿ ನೋಡುತ್ತೀರಲ್ಲವೇ? ಆ ಕೋಟೆಗೂ ಜಾಮಾ ಮಸೀದಿಗೂ ನಡುವೆ ಮೌಲಾನಾ ಅಬುಲ್ ಕಲಾಂ ಆಝಾದರ ಸಮಾಧಿಯಿದೆ. ಗಮನಿಸುವವರು ಕಡಿಮೆ.

1888ರಲ್ಲಿ ಮಕ್ಕಾದಲ್ಲಿ ಜನಿಸಿದ ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಮನೆಯಲ್ಲೇ ಕಲಿತವರು. 1912ರಲ್ಲಿ ಕಲ್ಕತ್ತಾದಿಂದ ‘ಅಲ್ ಹಿಲಾಲ್’ ಉರ್ದು ವಾರಪತ್ರಿಕೆ ಹೊರಡಿಸಿದರು. 1943ರಲ್ಲಿ ಪತ್ನಿ ಝುಲೈಖಾ ಬೇಗಂ ತೀರಿಕೊಂಡಾಗ ಅಹ್ಮದ್‌ನಗರದ ಕೋಟೆಯಲ್ಲಿ ಬಂಧಿ. ಕೊನೆಯ ದರ್ಶನವೂ ಸಿಗಲಿಲ್ಲ.

1947ರ ಆಗಸ್ಟ್ 16ರಂದು ನೆಹರೂ ಕೆಂಪುಕೋಟೆಯ ಮೇಲೆ ತ್ರಿವರ್ಣ ಧ್ವಜ ಹಾರಿಸಿದರು. ಕೆಲವೇ ವಾರಗಳಲ್ಲಿ, ಗಲಭೆಗೆ ಬೆದರಿದ ದೆಹಲಿಯ ಮುಸ್ಲಿಮರು ಗಂಟುಮೂಟೆ ಕಟ್ಟತೊಡಗಿದರು. ಅಕ್ಟೋಬರ್‌ನಲ್ಲಿ ಆಝಾದರು ಜಾಮಾ ಮಸೀದಿಯಲ್ಲಿ ನಿಂತು, ಊರು ಬಿಡಬೇಡಿರೆಂದು ಅವರಲ್ಲಿ ಕೇಳಿಕೊಂಡರು. ಅದರಲ್ಲಿ ಸಾಂತ್ವನದಷ್ಟೇ ಗದರಿಕೆಯೂ ಇತ್ತು, ಇರಲೇಬೇಕಿತ್ತು ಅನ್ನಿ.

ಶಾಲೆ ಕಾಣದ ಅವರೇ ಸ್ವತಂತ್ರ ಭಾರತದ ಮೊದಲ ಶಿಕ್ಷಣ ಸಚಿವರು! 1958ರ ಫೆಬ್ರವರಿ 22ರಂದು ನಿಧನರಾಗುವವರೆಗೂ ಅದೇ ಹೊಣೆಯಲ್ಲಿದ್ದರು.