ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ಹೊಕ್ಕ ಬಾಗಿಲು

ಸಂಘದ ಬೆಳ್ಳಿ ಹಬ್ಬದ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಬರೆಯಬೇಕೆಂದಾಗ ನಮಗೆ ಕೂಡಲೇ ನೆನಪಾದವರು ಕೊಡಗಿನ ಜನರಲ್ ಕಾರ್ಯಪ್ಪನವರು. ಮಿಲಿಟರಿಗೆ ಸೇರೋ ಹುಡುಗರು ಹಳ್ಳಿಹಳ್ಳಿಯಲ್ಲೂ ಇದ್ದಾರೆ. ಆದರೆ ಒಬ್ಬ ಸಿಪಾಯಿಯಾಗಿ, ಇನ್ನೊಬ್ಬ ಆಫೀಸರಾಗಿ ಯಾಕೆ ಶುರುಮಾಡ್ತಾನೆ ಅನ್ನೋದು ಎಷ್ಟೋ ಸಲ ಮನೆಯವರಿಗೇ ಗೊತ್ತಿರುವುದಿಲ್ಲ.

ಕೊಡಂದೇರ ಮಾದಪ್ಪ ಕಾರ್ಯಪ್ಪನವರು 1899ರ ಜನವರಿ 28ರಂದು ಶನಿವಾರಸಂತೆಯಲ್ಲಿ ಹುಟ್ಟಿದರು. ತಂದೆ ರೆವಿನ್ಯೂ ಇಲಾಖೆಯಲ್ಲಿದ್ದರು. ಮಗನನ್ನು ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿಗೆ, ಆಮೇಲೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಕಳಿಸಿದರು. ಆ ಕಾಲಕ್ಕೆ ಅಷ್ಟು ಓದು ಸಣ್ಣ ಮಾತಲ್ಲ.

ಆಗಿನ ಸೈನ್ಯದಲ್ಲಿ ನಮ್ಮವರಿಗೆ ಇದ್ದದ್ದು ಹೆಚ್ಚುಕಡಿಮೆ ಒಂದೇ ದಾರಿ. ಸಿಪಾಯಿಯಾಗಿ ಸೇರಬೇಕು, ಹವಾಲ್ದಾರ, ಜಮಾದಾರ, ಸುಬೇದಾರ ಅಂತ ಏರಬೇಕು. ತಲೆಗೂದಲು ನರೆಯುವ ತನಕ ದುಡಿದು ಸುಬೇದಾರ್ ಮೇಜರ್ ಆದವನೂ ಇಂಗ್ಲೆಂಡಿನಿಂದ ಮೊನ್ನೆ ಬಂದಿಳಿದ ಸೆಕೆಂಡ್ ಲೆಫ್ಟಿನೆಂಟ್ ಹುಡುಗನಿಗಿಂತ ಕೆಳಗೇ! 1917ರಲ್ಲಿ ಬ್ರಿಟಿಷರು ಆಫೀಸರ್ ಹುದ್ದೆಯನ್ನು ಭಾರತೀಯರಿಗೂ ತೆರೆದರು. ಮರುವರ್ಷ ಇಂದೋರಿನ ಡೇಲಿ ಕಾಲೇಜಿನಲ್ಲಿ ತರಬೇತಿ ಶುರುವಾಯಿತು. ಓದಿದ್ದ ಕಾರ್ಯಪ್ಪ ಅರ್ಜಿ ಹಾಕಿ ಆಯ್ಕೆಯಾದರು. 1919ರ ಡಿಸೆಂಬರ್ 1ರಂದು ಹೊರಬಂದಾಗ ಅವರು ನೇರ ಸೆಕೆಂಡ್ ಲೆಫ್ಟಿನೆಂಟ್.

ಆದರೆ ಅದು ತಾತ್ಕಾಲಿಕ ನೇಮಕ. ಕಾಯಂ ಆದೇಶ ಬಂದದ್ದು 1922ರಲ್ಲಿ. ಅದು ಜಾರಿಯಾದದ್ದು ಹಿಂದಿನ ತಾರೀಖಿನಿಂದ, ಅಂದರೆ 1920ರ ಜುಲೈ 17ರಿಂದ. ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಶಾಲೆಯ ತಂಡ ಹೊರಬಂದದ್ದು ಜುಲೈ 16ರಂದು. ಒಂದೇ ದಿನದ ವ್ಯತ್ಯಾಸ! ಮೊದಲೇ ಕೆಲಸಕ್ಕೆ ಬಂದಿದ್ದ ಇಂದೋರಿನವರು ಸೀನಿಯಾರಿಟಿಯಲ್ಲಿ ಹಿಂದೆ ಬಿದ್ದರು. ನೌಕರಿಯಲ್ಲಿದ್ದ ನಮ್ಮ ಸದಸ್ಯರಿಗೆ ಈ ನೋವು ಬಿಡಿಸಿ ಹೇಳಬೇಕಾಗಿಲ್ಲ.

ಕಾರ್ಯಪ್ಪನವರು ಓದು ಬಿಡಲಿಲ್ಲ. 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಸೇರಿದ ಮೊದಲ ಭಾರತೀಯ ಅವರೇ. 1942ರಲ್ಲಿ ಒಂದು ಬೆಟಾಲಿಯನ್ನಿನ ಮುಖ್ಯಸ್ಥರಾದ ಮೊದಲ ಭಾರತೀಯರೂ ಅವರೇ. 1949ರ ಜನವರಿ 15ರಂದು ಇಡೀ ಸೈನ್ಯದ ದಂಡನಾಯಕತ್ವವನ್ನು ಬ್ರಿಟಿಷ್ ಜನರಲ್ ಬುಚರ್ ಅವರಿಂದ ವಹಿಸಿಕೊಂಡರು. ಆ ದಿನವೇ ಸೇನಾ ದಿನ.

ಈಗಲೂ ಬಾಗಿಲು ಬೇರೆ ಬೇರೆ. ಎಸ್ಸೆಸ್ಸೆಲ್ಸಿ ಮುಗಿಸಿ ಹೋದ ಹುಡುಗ 2022ರಿಂದೀಚೆಗೆ ನಾಲ್ಕು ವರ್ಷದ ಅಗ್ನಿವೀರ. ಅದೇ ಹುಡುಗ ಪಿಯುಸಿ ಮುಗಿಸಿ ಎನ್‌ಡಿಎ ಪರೀಕ್ಷೆ ಪಾಸಾದರೆ, ಇಲ್ಲವೇ ಡಿಗ್ರಿ ಮಾಡಿ ಸಿಡಿಎಸ್ ಬರೆದು ಆಯ್ಕೆಯಾದರೆ, ತರಬೇತಿ ಮುಗಿದ ದಿನವೇ ಲೆಫ್ಟಿನೆಂಟ್. ಈಗ ಹೆಣ್ಣುಮಕ್ಕಳಿಗೂ ಎನ್‌ಡಿಎ ತೆರೆದಿದೆ. ಸಿಪಾಯಿಯಾಗಿ ಸೇರಿದವನಿಗೂ ಒಳಗಿನಿಂದಲೇ ಪರೀಕ್ಷೆ ಬರೆದು ಆಫೀಸರಾಗುವ ದಾರಿಯುಂಟು; ಆದರೆ ಕಿರಿದು.

1953ರಲ್ಲಿ ನಿವೃತ್ತರಾದ ಕಾರ್ಯಪ್ಪನವರಿಗೆ 1986ರಲ್ಲಿ ಫೀಲ್ಡ್ ಮಾರ್ಷಲ್ ಪದವಿ ಬಂತು. 1993ರ ಮೇ 15ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅಂತ್ಯಕ್ರಿಯೆ ಹುಟ್ಟುನಾಡಾದ ಕೊಡಗಿನಲ್ಲೇ, ಮಡಿಕೇರಿಯಲ್ಲಿ ನಡೆಯಿತು.